ಮಧ್ಯದ ಎರಡು ಸಾಲು

"ಹೈದರಾಬಾದಿನಾಗ ಸಮುದ್ರ ಎಲ್ಲೈತೆವ್ವಾ? ಹುಸೇನ್ ಸಾಗರದಾಗ ಹಡಗ ನಡಸ್ತೀಯೇನು?"

ನನ್ನ ಅತ್ತೆ ಗಂಗೂಬಾಯಿ ವಾರಕ್ಕೊಮ್ಮೆಯಾದರೂ ಹೀಗೆ ಕೇಳುತ್ತಿದ್ದರು. ಸಮುದ್ರ ಸಂಶೋಧನೆಯ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದ ಮೇಲೆ ಅದಕ್ಕೆ ಉತ್ತರ ಕೊಡುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗ ಮನೆಮನೆಗೂ ಸಾಫ್ಟ್‌ವೇರು. ಲಿಫ್ಟಿನಲ್ಲಿ ಯಾವ ಕಂಪನಿ ಎಂದು ಕೇಳಿದವರಿಗೆ ಸಮುದ್ರ ಎಂದರೆ, ಅದು ಅಮೆರಿಕದ್ದೋ ಇಲ್ಲಿಯದೋ ಎಂದು ಮರುಪ್ರಶ್ನೆ ಬರುತ್ತಿತ್ತು.

ನಾಲ್ಕು ಸಲ ಹಡಗು ಹತ್ತಿದ್ದೆ, ನಾಲ್ಕೂ ಸಲ ಬೇರೆಯವರ ಕೈಕೆಳಗೆ. ನೀರು ತುಂಬಿದ ಬಾಟಲಿಗಳಿಗೆ ನಂಬರು ಅಂಟಿಸಿದ್ದೆ, ವಾಂತಿ ಮಾಡಿಕೊಂಡಿದ್ದೆ, ಮತ್ತೆ ನಂಬರು ಅಂಟಿಸಿದ್ದೆ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಗೆ ಹೊರಡುವ ಹಡಗಿನಲ್ಲಿ ಒಬ್ಬರನ್ನು ಮುಖ್ಯ ವಿಜ್ಞಾನಿಯ ಕೆಲಸಕ್ಕೆ ತಯಾರು ಮಾಡುತ್ತಾರೆ ಎಂದು ಸುತ್ತೋಲೆ ಬಂದಾಗ ಅರ್ಜಿ ಹಾಕಿದೆ. ಎಲ್ಲಿ ನಿಲ್ಲಬೇಕು, ಏನು ಅಳೆಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಮುಖ್ಯ ವಿಜ್ಞಾನಿಯೇ. ಮಗಳು ಪ್ರಿಯಂವದಾಗೆ ಎಂಟು ವರ್ಷ. "ಇಪ್ಪತ್ನಾಲ್ಕು ದಿನಾ ಕೂಸಿನ್ನ ಬಿಟ್ಟು ಹೋಗತಾಳ" ಎಂದು ಅತ್ತೆ ಫೋನಿನಲ್ಲಿ ತಮ್ಮೂರು ಲಿಂಗಸುಗೂರಿಗೆಲ್ಲ ಸಾರಿದರು. ಗಂಡ ಹೋದ ವರ್ಷ ಕಂಪನಿ ಕೆಲಸಕ್ಕೆಂದು ಮೂರು ತಿಂಗಳು ಹೊರದೇಶದಲ್ಲಿದ್ದಾಗ ಯಾರೂ ದಿನ ಎಣಿಸಿರಲಿಲ್ಲ.

ಅರ್ಜಿ ಹಾಕಿದವರು ಮೂವರು. ಆಯ್ಕೆಗೆ ಒಂದು ಪರೀಕ್ಷೆ. ಯಾನದಲ್ಲಿ ನಾಲ್ಕು ಸಾಲುಗಳಿದ್ದವು. ಸಾಲು ಎಂದರೆ ದಡದಿಂದ ಆಳ ಸಮುದ್ರದವರೆಗೆ ನೇರ ಒಂದು ಗೆರೆ. ಅದರ ಮೇಲೆ ಹನ್ನೆರಡು ಕಡೆ ಹಡಗು ನಿಲ್ಲಿಸಿ, ಯಂತ್ರವನ್ನು ತಂತಿಗೆ ಕಟ್ಟಿ ತಳದವರೆಗೆ ಇಳಿಸಿ, ನೀರಿನ ಉಪ್ಪು, ಬಿಸಿ ಅಳೆಯಬೇಕು. ಉತ್ತರದ ಸಾಲು ಡಾಕ್ಟರ್ ಪ್ರಹ್ಲಾದರದು. ಅವರು ನಮ್ಮ ವಿಭಾಗದ ಹಿರಿಯರು, ಈ ಪರೀಕ್ಷೆಯ ಪರೀಕ್ಷಕರೂ ಅವರೇ. ದಕ್ಷಿಣದ ಸಾಲು ನನ್ನದು. ಅಕ್ಕಪಕ್ಕದಲ್ಲಿದ್ದ ಮಧ್ಯದ ಎರಡು, ಗುರುಶಾಂತ ಮತ್ತು ಶಾಂಭವಿ ಎಂಬ ಸಂಶೋಧನಾ ವಿದ್ಯಾರ್ಥಿಗಳದು.

ಪ್ರಶ್ನೆ ಒಂದೇ: ಚಂಡಮಾರುತ ಎದ್ದಿದೆ ಎಂದುಕೊಳ್ಳಿ, ಹನ್ನೊಂದು ದಿನ ಹೋದವು, ಉಳಿದದ್ದು ಹದಿಮೂರು. ಹೊಸ ಯೋಜನೆ ಬರೆಯಿರಿ. ನಿಜವಾಗಿ ಚಂಡಮಾರುತ ಬಂದರೆ, ಆಯ್ಕೆಯಾದ ಯೋಜನೆಯಂತೆಯೇ ಹಡಗು ಓಡುವುದಿತ್ತು.

ನಾನು ಮುಕ್ಕಾಲು ಗಂಟೆಯಲ್ಲಿ ಬರೆದೆ. ಪ್ರತಿ ಸಾಲಿನಲ್ಲಿ ಮೂರಕ್ಕೆ ಎರಡು ನಿಲುಗಡೆ ಕಳೆದೆ. ನಾಲ್ವರಿಗೂ ನಾಲ್ಕು ನಾಲ್ಕು. ಯಾರಿಗೂ ಇಲ್ಲ ಅನ್ನಲಿಲ್ಲ.

ಪ್ರಹ್ಲಾದರು ಹಾಳೆ ನೋಡಿ ಹಿಗ್ಗಿದರು. "ಛಲೋ ಆತು ಸುಮಂಗಲಾ. ಯಾರಿಗೂ ನೋವಿಲ್ಲ. ಹೆಣ್ಮಕ್ಕಳಿಗೆ ಹಂಚಿ ಬಡಿಸೋದು ಹುಟ್ಟಿನಿಂದನ ಬಂದಿರ್ತದ ನೋಡ್ರಿ, ಕ್ಯಾಪ್ಟನ್."

ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ ವಿಶ್ವಜಿತ್ ನಗಲಿಲ್ಲ. ಬೀದರಿನವರು, ಮೂವತ್ತು ವರ್ಷ ಹಡಗು ನಡೆಸಿದವರು, ಈ ಯಾನದ ಹಡಗನ್ನೂ ಅವರೇ ನಡೆಸಲಿದ್ದರು. ಯೋಜನೆಗೆ ಅವರ ಸಹಿಯೂ ಬೇಕಿತ್ತು. ಅವರು ಕನ್ನಡಕ ಹಣೆಗೇರಿಸಿ ಕೇಳಿದರು: "ಮೇಡಮ್, ನಾಲ್ಕೂ ಸಾಲಿನ ದಾರಿ ಪೂರಾ ಓಡಬೇಕು. ಕೆಲಸ ಮಾತ್ರ ಮೂರರಾಗ ಒಂದ್ ಪಾಲು. ಸರಿ, ಓಡ್ತೀನಿ. ವಾಪಸ್ ಬಂದಮ್ಯಾಲ ಇದರಾಗ ಯಾರ ಕೆಲಸ ಪೂರಾ ಆಗಿರ್ತದ?"

ಯಾರದೂ ಆಗಿರುವುದಿಲ್ಲ. ನಾಲ್ಕು ಚುಕ್ಕೆಯಿಂದ ನೀರು ಎತ್ತ ಹರಿಯುತ್ತಿದೆ ಎಂದು ಹೇಳಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ.

"ಅದೆಲ್ಲಾ ಆಮ್ಯಾಲ ನೋಡೋಣ," ಎಂದರು ಪ್ರಹ್ಲಾದರು. "ನಾಳೆ ಹನ್ನೊಂದಕ್ಕ ಇದನ್ನ ನೀಟಾಗಿ ಬರದು ತರ್ರಿ. ಸಹಿ ಹಾಕಿಬಿಡ್ತೀನಿ. ನಿಮ್ಮ ಹೆಸರ ಹೋಗ್ತದ."

ಗೆದ್ದೆ ಎಂದು ಹಿಗ್ಗಬೇಕಿತ್ತು. ಮನೆಗೆ ಬಂದು ಪ್ರಿಯಂವದಾಳ ಯೂನಿಫಾರ್ಮ್ ಒಗೆದು ಬಾಲ್ಕನಿಯಲ್ಲಿ ಹಿಂಡುತ್ತಿದ್ದಾಗಲೂ ಹಂಚಿ ಬಡಿಸುವ ಮಾತು ಕಿವಿಯಲ್ಲೇ ಇತ್ತು.

ಎದುರಿಗೆ, ಪಕ್ಕದ ಜಾಗದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಸ್ಲ್ಯಾಬ್ ಹಾಕುತ್ತಿದ್ದರು. ನಮ್ಮ ಬಾಲ್ಕನಿಯ ಎತ್ತರಕ್ಕೇ ಬಂದಿತ್ತು, ಅಲ್ಲಿಯ ಮಾತೆಲ್ಲ ಕೇಳಿಸುತ್ತಿತ್ತು. ಕೆಲಸಗಾರರು ಯಾದಗಿರಿ, ರಾಯಚೂರು ಕಡೆಯವರು. ಹೆಣ್ಣಾಳುಗಳ ಮುಂದಾಳು ಹಂಪಮ್ಮ ದಿನಾ ನಮ್ಮ ನಲ್ಲಿಗೆ ಕುಡಿಯುವ ನೀರಿಗೆ ಬರುವಳು. ಅತ್ತೆಗೆ ಊರಿನ ಸುದ್ದಿಯ ಜೊತೆಗಾತಿ. ಬೆಳಿಗ್ಗೆಯಿಂದ ಸಿಮೆಂಟು ಕಲಸುತ್ತಿದ್ದ ಮಿಕ್ಸರ್ ಕೆಟ್ಟು ನಿಂತಿತ್ತು. ಮೇಲೆ ಮೋಡ ಕಪ್ಪಗಾಗಿತ್ತು.

"ಕಲಸಿದ್ದ ಮಾಲನ್ನ ಎಲ್ಲಾ ಕಡಿ ಹರವಿಬಿಡ್ರಿ, ಲಗೂ ಲಗೂ!" ಎಂದು ಮೇಸ್ತ್ರಿ ಲಿಂಗಣ್ಣ ಕೂಗುತ್ತಿದ್ದ. "ಮಾಲಕ್ ಬಂದ್ರ ಪೂರಾ ಮುಚ್ಚಿದ್ದು ಕಾಣಬೇಕು."

ಹಂಪಮ್ಮ ಬುಟ್ಟಿ ಕೆಳಗಿಟ್ಟಳು. "ಏನ್ ಅಂಗಳಾ ಸಾರ್ಸಾಕತ್ತೀವೇನೋ ಲಿಂಗಣ್ಣಾ? ಇದು ಮಾಳಿಗಿ. ಮಾಲಿರೋದು ಅರ್ಧಕ್ಕ. ಅರ್ಧ ದಪ್ಪಗ ಹಾಕಿ ಹಲಿಗಿ ಬಡಿ. ಎಲ್ಲಾ ಕಡಿ ತೆಳ್ಳಗ ಬಳದ್ರ ಒಂದ್ ಕ್ವಾಣಿನೂ ನಿಲ್ಲಂಗಿಲ್ಲ."

"ಮಾಲಕ್ ಬೈತಾನಲೇ!"

"ಬೈತಾನ. ಬೈಸಿಕೊಳ್ಳಾಕ ನಾ ಅದೀನಿ. ನೀ ಹಲಿಗಿ ತಾ."

ಅವನು ಗೊಣಗುತ್ತಲೇ ತಂದ. ಸ್ಲ್ಯಾಬಿನ ನಡುವೆ ಅಡ್ಡಲಾಗಿ ಹಲಗೆ ನಿಂತಿತು. ಈಚೆಯ ಅರ್ಧ ಅಂಗೈ ಅಗಲದಷ್ಟು ದಪ್ಪಕ್ಕೆ ತುಂಬಿತು, ಆಚೆ ಬರೀ ಕಬ್ಬಿಣದ ಜಾಲರಿ. ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ತುಂಬಿದ ಅರ್ಧಕ್ಕೆ ತಾಡಪಾಲು ಹೊದಿಸಿಯೂ ಆಗಿತ್ತು. ಹಂಪಮ್ಮ ಕೊನೆಯವಳಾಗಿ ಏಣಿ ಇಳಿದಳು.

ನಾನು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಂತಿದ್ದೆ.

ಮರುದಿನ ಹನ್ನೊಂದಕ್ಕೆ ಹೊಸ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮಧ್ಯದ ಎರಡು ಸಾಲು, ಹನ್ನೆರಡು ಹನ್ನೆರಡು ನಿಲುಗಡೆ, ಪೂರ್ತಿ. ಉತ್ತರದ್ದು ಇಲ್ಲ. ದಕ್ಷಿಣದ್ದು ಇಲ್ಲ.

ಪ್ರಹ್ಲಾದರು ಹಾಳೆಯನ್ನು ಎರಡು ಸಲ ತಿರುಗಿಸಿದರು, ಹಿಂದೆ ಏನಾದರೂ ಇರಬಹುದೆಂಬಂತೆ. "ನನ್ನ ಸಾಲು ಎಲ್ಲದ?"

"ತಗದೀನ್ರಿ ಸರ್. ನಂದೂ ತಗದೀನಿ."

"ಆರು ವರ್ಷ ತಪ್ಪದ ಅಳದ ಸಾಲು ಅದು. ಏಳನೇದಕ್ಕ ನೀ ತಪ್ಪಸ್ತೀಯೇನು?" ‘ನೀವು’ ಹೋಗಿ ‘ನೀ’ ಬಂದಿತ್ತು.

"ನಾಲ್ಕು ಕಡೆ ನಿಂತು ಬಂದ್ರ ಅದು ಏಳನೇ ವರ್ಷ ಆಗೂದಿಲ್ರಿ. ಏಳನೇ ವರ್ಷ ಅಂತ ಸುಳ್ಳು ಬರಕೊಂಡಂಗ ಆಗ್ತದ. ಮಧ್ಯದ್ದು ಎರಡೂ ಅಕ್ಕಪಕ್ಕ ಅದಾವ, ಓಡೋ ದಾರಿ ಕಡಿಮಿ. ಅಲ್ಲಿ ಇಷ್ಟು ದಿನಾ ಯಾರೂ ಅಳದಿಲ್ಲ."

"ಗುರುಶಾಂತ, ಶಾಂಭವಿ ಇನ್ನೂ ಹುಡುಗರವ್ವಾ! ನಾಳೆ ಕೊಂಡಾಪುರದಾಗ ಯಾವುದೋ ಕಂಪನಿ ಕರದ್ರ ಎದ್ದು ಹೋಗ್ತಾವ."

"ಕೈಯಾಗ ಅರ್ಧ ಕೆಲಸಾ ಕೊಟ್ರ ಹೋಗ್ತಾವ್ರಿ. ನಾನಾದ್ರೂ ಹೋಗ್ತಿದ್ದೆ."

ಪ್ರಹ್ಲಾದರು ಪೆನ್ನಿನ ಮುಚ್ಚಳ ಹಾಕಿದರು. "ನಿನ್ನಿ ಹಾಳಿ ಕೊಡು. ಸಹಿ ಹಾಕ್ತೀನಿ, ನೀ ಹಡಗ ಹತ್ತು. ಇದಕ್ಕ ಹಾಕೂದಿಲ್ಲ. ಎಲ್ಲಾರನ್ನೂ ಸಂಭಾಳಿಸಿಕೊಂಡು ಹೋಗೋದು ಲೀಡರನ ಕೆಲಸ. ನಿನ್ನಿ ಎಷ್ಟು ಛಂದ ಹಂಚಿದ್ದಿ!"

ನಿನ್ನೆಯ ಹಾಳೆ ನನ್ನ ಚೀಲದಲ್ಲೇ ಇತ್ತು. ಹನ್ನೊಂದು ವರ್ಷ, ನಾಲ್ಕು ಯಾನ, ಮನೆಯಲ್ಲಿ ಕೇಳಿಸಿಕೊಂಡ ಮಾತು, ಎಲ್ಲ ಆ ಹಾಳೆಯ ಒಂದು ಸಹಿಗೆ ಬಂದು ನಿಂತಿತ್ತು. ಅದನ್ನು ತೆಗೆದೆ. ಅವರ ಎದುರಿಗೇ ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದೆ.

"ಹಂಚಿ ಬಡಿಸೋದು ಮನ್ಯಾಗ ಮಾಡ್ತೀನ್ರಿ ಸರ್. ಹಡಗಿನಾಗ ಇದ ಹಾಳಿ. ಯಾರಾರ ಬೈದ್ರ ಬೈಸಿಕೊಳ್ಳಾಕ ನಾ ಅದೀನಿ. ನೀವು ಬೈದ್ರೂ."

ಕ್ಯಾಪ್ಟನ್ ಕೈ ಚಾಚಿ ಹೊಸ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಸಹಿ ಮಾಡಿ, ಪ್ರಹ್ಲಾದರ ಮುಂದೆ ಸರಿಸಿದರು. "ಸಾಬ್, ತೂಫಾನದಾಗ ನಾ ಚುಕ್ಕಾಣಿ ಕ್ವಾಣಿಯಿಂದ ಲ್ಯಾಬಿಗೆ ಫೋನ್ ಮಾಡಿದ್ರ ನನಗ ಒಂದ ಜವಾಬ್ ಬೇಕು. ನಾಲ್ಕು ಬ್ಯಾಡ."

ಪ್ರಹ್ಲಾದರು ಆ ದಿನ ಸಹಿ ಮಾಡಲಿಲ್ಲ. ಒಂಬತ್ತು ದಿನ ಆ ಹಾಳೆ ಅವರ ಮೇಜಿನ ಮೇಲಿತ್ತು. ಒಂಬತ್ತು ದಿನ ನಾನು ಕಾರಿಡಾರಿನಲ್ಲಿ ಅವರಿಗೆ ನಮಸ್ಕಾರ ಹೇಳಿದೆ, ಅವರು ಗೋಡೆಯ ನಕ್ಷೆ ನೋಡಿದರು. ಹಾಳೆ ತಿದ್ದಿ ತರುತ್ತೇನೆಂದು ನಾನು ಹೇಳಲಿಲ್ಲ. ಹತ್ತನೆಯ ದಿನ ಅವರ ಸಹಿ ಬಿತ್ತು, ಪಟ್ಟಿ ಬಂತು. ಮುಖ್ಯ ವಿಜ್ಞಾನಿ, ತರಬೇತಿಯಲ್ಲಿ: ಸುಮಂಗಲಾ. ಸದಸ್ಯರ ಸಾಲಿನಲ್ಲಿ ಮೊದಲ ಹೆಸರು ಪ್ರಹ್ಲಾದ.

ಹೊರಡುವ ಹಿಂದಿನ ದಿನ ಮನೆಗೆ ಫೋನ್ ಬಂತು.

"ಖರೇನ ಚಂಡಮಾರುತ ಬಂದ್ರ?" ಎಂದರು ಪ್ರಹ್ಲಾದರು, ಪೀಠಿಕೆಯಿಲ್ಲದೆ.

"ಬಂದ್ರ ನಿಮ್ಮ ಸಾಲು ಮೊದಲು ಹೋಗ್ತದ್ರಿ ಸರ್. ಅದರ ಬೆನ್ನಿಗೆ ನಂದು."

"ಸ್ವೆಟರ್ ಇಟಗೋ," ಎಂದರು. "ಹಡಗಿನ ಲ್ಯಾಬಿನಾಗ ಏಸಿ ಭಾಳ ಇರ್ತದ."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಯಾರವ?"

"ನನ್ನ ಕೈಕೆಳಗ ಬರೋವ್ರು," ಎಂದೆ.