ಏಳು ನಿಮಿಷ

ಹದಿನಾಲ್ಕನೆಯ ಸಲವೂ ಅದೇ ಸಾಲು ಬಂತು: ವಿನಂತಿ ತಿರಸ್ಕೃತ. ಯಾಕೆ ಎಂಬ ಮಾತಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೆರ್ಸಿ ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಬೆಳಿಗ್ಗೆ ಏಳೂವರೆಯಿಂದ ಆಸ್ಪತ್ರೆಯ ಸರ್ವರ್ ಜಕಾರ್ತಾದ ವಿಮೆಯ ಸರ್ವರನ್ನು ಕೇಳುತ್ತಲೇ ಇತ್ತು. ಒಬ್ಬೊಬ್ಬ ರೋಗಿಗೂ ಅಲ್ಲಿಂದ ಒಂದು ಸಂಖ್ಯೆ ಬರಬೇಕು. ಸಂಖ್ಯೆ ಬಂದರೆ ಅನುಮತಿ ಪತ್ರ, ಪತ್ರವಿದ್ದರೆ ಒಳಗೆ ಕರೆ. ಇವತ್ತು ಹತ್ತೊಂಬತ್ತು ಜನ ಹೊರಗೆ ಬೆಂಚಿನ ಮೇಲಿದ್ದರು. ಹದಿನೆಂಟು ಜನ ನಾಳೆ ಬಂದರೂ ನಡೆಯುತ್ತಿತ್ತು. ಓಪಾ ಡೊಮಿಂಗುಸ್‌ಗೆ ಮಾತ್ರ ನಡೆಯುತ್ತಿರಲಿಲ್ಲ.

ಎಲ್ಲರೂ ಓಪಾ, ಅಜ್ಜ, ಎಂದು ಕರೆಯುತ್ತಿದ್ದ ಮುದುಕ ಆಚೆ ದ್ವೀಪದವನು. ಎರಡೂ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷ. ಮಂಗಳವಾರ, ಶುಕ್ರವಾರ ದೋಣಿ ಹತ್ತಿ ಬಂದು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಿ ಹೋಗುತ್ತಿದ್ದ. ಈ ಮಂಗಳವಾರ ಪಶ್ಚಿಮದ ಗಾಳಿಗೆ ದೋಣಿ ಹೊರಟಿರಲಿಲ್ಲ. ಇವತ್ತು ಶುಕ್ರವಾರ. ಕಾಲು ಊದಿ ಚಪ್ಪಲಿ ಹಿಡಿಯದೆ ಮಗಳು ಲೇನಾ ಅವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಅವನ ಕೈಯಲ್ಲಿ ಸಣ್ಣದೊಂದು ಥರ್ಮಾಸು. ನೀರು ಕುಡಿಯುವಂತಿಲ್ಲವಾದ್ದರಿಂದ ಗಂಟೆಗೊಂದು ಮಂಜುಗಡ್ಡೆ ಚೂರನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ.

ಮೆರ್ಸಿ ಕೋಣೆಯ ಬಾಗಿಲು ತೆಗೆದಾಗಲೆಲ್ಲ ಅವನು ತಲೆಯೆತ್ತುತ್ತಿದ್ದ. ಹುಡುಗಿಯರನ್ನು ಕರೆಯುವಂತೆ ಅವಳನ್ನೂ ನೋನಾ ಎನ್ನುತ್ತಿದ್ದ.

"ಜಕಾರ್ತಾದವ್ರಿಗೆ ನನ್ ಹೆಸ್ರು ಮರ್ತೋಯ್ತೇನು ನೋನಾ? ಎರಡ್ ವರ್ಷದಿಂದ ವಾರಕ್ಕೆರಡ್ ಸಲ ಹೇಳ್ತಿದೀನಲ್ಲ."

"ಇನ್ನೊಂದ್ ಸ್ವಲ್ಪ ಹೊತ್ತು ಓಪಾ."

"ನಂಗೇನು, ಕೂತ್ಕೊಳ್ತೀನಿ. ಐಸ್ ಇನ್ನೂ ನಾಲ್ಕು ಚೂರಿದೆ."

ಅವಳು ಒಂದೊಂದಾಗಿ ನೋಡುತ್ತ ಬಂದಳು. ತನ್ನ ಲ್ಯಾಪ್‌ಟಾಪಿನಿಂದ ವಿಮೆಯವರ ಪುಟ ತೆರೆಯುತ್ತಿತ್ತು. ಆದರೆ ಪತ್ರ ಕೇಳುವ ಹಕ್ಕಿದ್ದದ್ದು ಸರ್ವರ್‌ಗೆ ಮಾತ್ರ. ಸರ್ವರ್‌ನಿಂದಲೂ ದಾರಿ ತೆರೆದೇ ಇತ್ತು. ವಿನಂತಿ ಅಲ್ಲಿಯವರೆಗೆ ಹೋಗಿ, ಬಾಗಿಲಲ್ಲಿ ಬೈಸಿಕೊಂಡು ಬರುತ್ತಿತ್ತು. ಗುಪ್ತಪದ ಸರಿಯಿತ್ತು. ಪ್ರಮಾಣಪತ್ರದ ಅವಧಿ ಮುಗಿದಿರಲಿಲ್ಲ. ಫೈರ್‌ವಾಲನ್ನು ಎರಡು ಸಲ ತೆಗೆದು ಹಾಕಿದಳು. ಸರ್ವರನ್ನೇ ಆರಿಸಿ ಹಚ್ಚಿದಳು. ಅದು ಎದ್ದು ನಿಲ್ಲುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಜಕಾರ್ತಾದ ಸಹಾಯವಾಣಿಯಲ್ಲಿ ಒಬ್ಬ ತಾಳ್ಮೆಯ ಹುಡುಗ ತಮ್ಮ ಕಡೆ ಎಲ್ಲ ಸರಿಯಾಗಿದೆ, ಬೇರೆ ಆಸ್ಪತ್ರೆಗಳಿಗೆ ಹೋಗುತ್ತಿದೆ ಎಂದ. ಸರ್ವರಿನ ಗಡಿಯಾರ ನೋಡಿದಿರಾ, ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ವಿನಂತಿಯನ್ನು ನಂಬುವುದಿಲ್ಲ ಎಂದೂ ಹೇಳಿದ.

"ಅದು ಸರಿಯಾಗಿದೆ," ಎಂದಳು ಮೆರ್ಸಿ. ನೋಡದೆಯೇ.

ನೋಡುವ ಅಗತ್ಯ ಅವಳಿಗಿರಲಿಲ್ಲ. ಗಡಿಯಾರ ಮೂರು ನಿಮಿಷ ಹಿಂದಿತ್ತು. ಹಿಂದೆ ತಳ್ಳಿದವಳು ಅವಳೇ. ಬಾಗಿಲ ಬಳಿಯ ಬೆರಳಚ್ಚಿನ ಹಾಜರಿ ಯಂತ್ರ ಸಮಯ ಪಡೆಯುತ್ತಿದ್ದದ್ದು ಈ ಸರ್ವರ್‌ನಿಂದ. ಕಳೆದ ವರ್ಷ ಗಂಡ ತೀರಿಕೊಂಡ ಮೇಲೆ, ಮಗುವನ್ನು ಗುಡ್ಡದ ಮೇಲಿನ ಅತ್ತೆಯ ಮನೆಗೆ ಬಿಟ್ಟು ಬರುವಷ್ಟರಲ್ಲಿ ದಿನಾ ಎರಡು ಮೂರು ನಿಮಿಷ ತಡವಾಗುತ್ತಿತ್ತು. ತಡವಾದವರ ಹೆಸರನ್ನು ಬೆಳಗಿನ ಸಾಲಿನಲ್ಲಿ ನಿಲ್ಲಿಸಿ ಓದುತ್ತಿದ್ದರು. ಗಂಡನ ಮನೆತನದ ಹೆಸರು ಹಾಗೆ ಗಟ್ಟಿಯಾಗಿ ಕೇಳಿಬರುವುದನ್ನು ಅವಳಿಂದ ತಾಳಲಾಗಲಿಲ್ಲ. ಮೂರು ನಿಮಿಷದಿಂದ ಯಾರಿಗೂ ನಷ್ಟವಿರಲಿಲ್ಲ. ವರ್ಷವಿಡೀ ಪತ್ರಗಳು ಬಂದಿದ್ದವು. ಗೋಡೆಯ ಗಡಿಯಾರವನ್ನಂತೂ ಜನ ಬೇಗ ಬರಲೆಂದು ಆಡಳಿತಾಧಿಕಾರಿ ಹತ್ತು ನಿಮಿಷ ಮುಂದೆ ಇಡಿಸಿದ್ದರು. ಆ ಆಸ್ಪತ್ರೆಯಲ್ಲಿ ಗಡಿಯಾರ ನೋಡಿ ಯಾರೂ ಏನನ್ನೂ ನಂಬುತ್ತಿರಲಿಲ್ಲ.

ಹನ್ನೊಂದೂವರೆಗೆ ಡಯಾಲಿಸಿಸ್ ವಾರ್ಡಿನ ದಾದಿ ಬಂದು, ಇನ್ನು ಹತ್ತು ನಿಮಿಷದಲ್ಲಿ ಕೈಗೆ ಸೂಜಿ ಹಾಕದಿದ್ದರೆ ನಾಲ್ಕು ಗಂಟೆಯ ಕೊನೆಯ ದೋಣಿಗೆ ಆಗುವುದಿಲ್ಲ ಎಂದಳು. ಪತ್ರವಿಲ್ಲದೆ ಯಂತ್ರದ ಹೊಸ ಕೊಳವೆ ಬಿಚ್ಚುವಂತಿಲ್ಲ. ಉಸಿರು ಕಟ್ಟಿದರೆ ತುರ್ತು ವಿಭಾಗಕ್ಕೆ ಸೇರಿಸಬಹುದು. ಓಪಾಗೆ ಉಸಿರು ಇನ್ನೂ ಕಟ್ಟಿರಲಿಲ್ಲ. ಈ ಊರಲ್ಲಿ ಉಳಿದುಕೊಳ್ಳಿ ಎಂದರೆ ಲೇನಾ, ಮನೆಯಲ್ಲಿ ಮೂರು ಮಕ್ಕಳನ್ನು ಪಕ್ಕದವರಿಗೆ ಒಪ್ಪಿಸಿ ಬಂದಿದ್ದೇನೆ ಅಂದಳು.

ಇನ್ನು ಕಾದು ಫಲವಿಲ್ಲವೆಂದು, ಮಧ್ಯಾಹ್ನದ ದೋಣಿಗೆ ಹನ್ನೆರಡೂವರೆಗೆ ಅವರು ಎದ್ದರು.

"ಮಂಗಳ್ವಾರ ಸರಿ ಮಾಡಿಡು ನೋನಾ," ಎಂದ ಓಪಾ. "ಅಷ್ಟರಲ್ಲಿ ನಾನೊಂದು ಸಮುದ್ರ ಕುಡ್ದ್ಬಿಡಲ್ಲ." ಮಗಳ ಭುಜ ಹಿಡಿದು, ಬರಿಗಾಲಲ್ಲಿ ಮೆಟ್ಟಿಲಿಳಿದ.

ಕೇಬಲ್ ನೋಡಿಕೊಳ್ಳುವ ಇಝಾಕ್ ಕೋಣೆಗೆ ಬಂದದ್ದು ಒಂದೂವರೆಗೆ, ಕಾಗದದಲ್ಲಿ ಕರಿದ ಬಾಳೆಹಣ್ಣು, ಖಾರದ ಸಾಂಬಲ್ ಚಟ್ನಿ ಕಟ್ಟಿಸಿಕೊಂಡು. ಕೊಲ್ಲಿಯ ಆಚೆಯಿಂದ ಬರುವವನು, ಐದು ಮಕ್ಕಳ ತಂದೆ, ತಡವಾದವರ ಪಟ್ಟಿಯಲ್ಲಿ ಯಾವಾಗಲೂ ಮೊದಲನೆಯವನು. ಅವನು ಕುರ್ಚಿ ಎಳೆದುಕೊಂಡು, ಬೆಳಿಗ್ಗೆ ತನ್ನ ದೋಣಿಯೇ ತಡವಾಗಿ ಬಂದರೂ ಹಾಜರಿ ಯಂತ್ರ ತಡವೆಂದು ಬರೆದುಕೊಳ್ಳದೆ ತನಗೆ ಧನ್ಯವಾದ ಹೇಳಿ ಒಳಗೆ ಬಿಟ್ಟಿತು ಎಂದು ನಕ್ಕ.

ಮೆರ್ಸಿ ಬಾಳೆಹಣ್ಣನ್ನು ಬಾಯಿಗೆ ಇಡಲಿಲ್ಲ.

"ಯಾಕೆ ಬಿಡ್ತು?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ. ನಿನ್ನೆ ಸಂಜೆ ನೀನು ಹೋದ್ಮೇಲೆ ಸರ್ವರ್ ಟೈಮ್ ಒಂದ್ ಚೂರು ಹಿಂದಕ್ಕೆ ಎಳ್ದೆ. ಇವತ್ತು ದೋಣೀಲಿ ಬರೋರೆಲ್ಲಾ ಪಟ್ಟಿಯಿಂದ ಬಚಾವಾದ್ರು ಪಾಪ."

"ಎಷ್ಟು?"

"ನಾಲ್ಕೇ. ಐದ್ರೊಳಗೇ ಇರ್ಲಿ ಅಂತ. ಅಷ್ಟೂ ಗೊತ್ತಾಗಲ್ವಾ ನಂಗೆ?"

ಅವಳು ಪರದೆಯತ್ತ ತಿರುಗಿದಳು. ಸರ್ವರಿನ ಗಡಿಯಾರ ಒಂದು ಮೂವತ್ತೊಂದು ಎನ್ನುತ್ತಿತ್ತು. ಅವಳ ಫೋನು ಒಂದು ಮೂವತ್ತೆಂಟು.

"ನಾನು ಮೂರು ಎಳ್ದಿದ್ದೆ," ಎಂದಳು. "ಹೋದ್ ವರ್ಷ."

ಇಝಾಕ್ ತಿನ್ನುವುದನ್ನು ನಿಲ್ಲಿಸಿದ. ಬೆರಳಿಗೆ ಅಂಟಿದ ಸಾಂಬಲನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅವಳು ಒಂದು ಸಾಲು ಬರೆದು ಗುಂಡಿ ಒತ್ತಿದಳು. ಗಡಿಯಾರ ಏಳು ನಿಮಿಷ ಜಿಗಿಯಿತು.

ಸರದಿಯಲ್ಲಿ ನಿಂತಿದ್ದ ವಿನಂತಿಗಳು ಒಂದರ ಹಿಂದೆ ಒಂದು ಹೋದವು. ಪಕ್ಕದ ಕೋಣೆಯ ಮುದ್ರಣ ಯಂತ್ರ ಕೆಲಸ ಶುರುಮಾಡಿತು. ಬೆಂಚಿನ ಮೇಲಿದ್ದವರು ಎದ್ದು ಬಂದರು. ಒಂಬತ್ತನೆಯ ಪತ್ರ ಓಪಾನದು: ಹೆಸರು, ಕಾರ್ಡಿನ ಸಂಖ್ಯೆ, ಕೆಳಗೆ 'ಅನುಮತಿಸಲಾಗಿದೆ'. ಹಾಳೆ ಬೆಚ್ಚಗಿತ್ತು. ಮೆರ್ಸಿ ಲೇನಾಳ ಫೋನಿಗೆ ಮೂರು ಸಲ ಕರೆ ಮಾಡಿದಳು. ಭೂಶಿರ ದಾಟಿದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಇಝಾಕ್ ಹೇಳಿದ. ಅವಳಿಗೂ ಗೊತ್ತಿತ್ತು.

ಕಾರಣ ಏನೆಂದು ಆಡಳಿತಾಧಿಕಾರಿ ಕೇಳಿದರು. ಸಂಪರ್ಕದ ತೊಂದರೆ, ಸರಿಹೋಗಿದೆ ಎಂದು ಬರೆದುಕೊಟ್ಟಳು.

ಶನಿವಾರ ತಡವಾದವರ ಪಟ್ಟಿಯಲ್ಲಿ ಹನ್ನೊಂದು ಹೆಸರು. ಸೋಮವಾರ ಒಂಬತ್ತು. ಎರಡೂ ದಿನ ಅವಳ ಹೆಸರಿತ್ತು, ಗಂಡನ ಮನೆತನದ ಹೆಸರಿನ ಸಮೇತ. ಗಟ್ಟಿಯಾಗಿ ಓದಿದರು. ಅವಳು ತಲೆತಗ್ಗಿಸದೆ ನಿಂತು ಕೇಳಿದಳು.

ಮಂಗಳವಾರ ಗಾಳಿ ಇಳಿದಿತ್ತು. ಮೆರ್ಸಿ ಬಂದವಳೇ ವಿನಂತಿಗಳ ಪಟ್ಟಿ ತೆರೆದು ಕುಳಿತಳು. ನೋಂದಣಿಯ ಕಿಟಕಿಯಲ್ಲಿ ಒಬ್ಬೊಬ್ಬರು ಕಾರ್ಡು ಕೊಟ್ಟಂತೆ ಇಲ್ಲಿ ಒಂದೊಂದು ಸಾಲು ಮೂಡುತ್ತಿತ್ತು. ಸಂಖ್ಯೆ, ಸಮಯ, ಅನುಮತಿಸಲಾಗಿದೆ. ಓಪಾನ ಕಾರ್ಡಿನ ಸಂಖ್ಯೆ ಈಗ ಅವಳಿಗೆ ಬಾಯಿಪಾಠ.

ಹತ್ತು ಗಂಟೆಗೆ ಇಝಾಕ್ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ದೋಣಿ ಬಂತಂತೆ," ಎಂದ.

ಅವಳು ತಲೆಯಾಡಿಸಿದಳು. ಹತ್ತೂಕಾಲು. ಒಂದು ಸಾಲು, ಬೇರೆ ಸಂಖ್ಯೆ. ಹತ್ತೂವರೆ. ಇನ್ನೆರಡು. ಹನ್ನೊಂದು ಕಳೆದರೂ ಓಪಾನ ಸಂಖ್ಯೆ ಮೂಡಲಿಲ್ಲ. ಹೊರಗೆ ಯಾರೋ ಹಾಜರಿಗೆ ಬೆರಳೊತ್ತಿದರು, ಯಂತ್ರದೊಳಗಿನ ಹೆಂಗಸಿನ ದನಿ ಧನ್ಯವಾದ ಎಂದಿತು. ಪರದೆಯ ಕೊನೆಯ ಸಾಲಿನ ಕೆಳಗೆ ಚಿಕ್ಕ ಬಿಳಿಯ ಗೆರೆ ಮಿನುಗುತ್ತ, ಆರುತ್ತ, ಮಿನುಗುತ್ತ ಇತ್ತು.