ಊರ ಸಭೆಯೂ ಸೇರಿದಂತೆ

“ನಿಮ್ಮ ಜನ ಏನು ತಿನ್ನಬೇಕು, ಏನು ತಿನ್ನಬಾರದು ಅಂತ ನಿಮ್ಮ ಸರ್ಕಾರ ಯಾಕೆ ಹೇಳಬೇಕು ಮೇಡಂ? ಅವರಿಗೂ ಒಂದು ಆಯ್ಕೆ ಅನ್ನೋದು ಬೇಡವಾ?”

ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ದೊಡ್ಡ ದೇಶದ ಪ್ರತಿನಿಧಿ ಇದನ್ನು ನಗುನಗುತ್ತಲೇ ಕೇಳಿದ. ತೆಳ್ಳನೆಯ ಹುಡುಗ, ಒಳ್ಳೆಯ ಕೋಟು. ಕಿಟಕಿಯ ಹೊರಗೆ ಜಿನೀವಾದ ಸರೋವರ, ಸರೋವರದಾಚೆ ಬೆಟ್ಟಗಳ ಹಿಮ. ತೆಲೆಸಿಯಾ ಮೇಜಿನ ಕೆಳಗೆ ಎರಡೂ ಕೈ ಬಿಗಿಹಿಡಿದುಕೊಂಡು ಕೇಳಿದಳು:

“ನೀವು ಮನೆಯಲ್ಲಿ ಇದನ್ನ ತಿಂತೀರಾ?”

“ನಾನಾ? ಇಲ್ಲ ಇಲ್ಲ. ನಾನು ಸಸ್ಯಾಹಾರಿ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳ ಪಕ್ಕದಲ್ಲಿ ಕೂತಿದ್ದ, ಸಮೋವಾ ನಿಯೋಗದ ಮುಖ್ಯಸ್ಥ ಲೌಟಾಫಿಯೂ ನಕ್ಕ. ಅವನು ನಕ್ಕದ್ದು ಅವಳಿಗೆ ಹುಡುಗನ ಮಾತಿಗಿಂತ ಹೆಚ್ಚು ಉರಿಯಿತು.

ಮಾತು ನಡೆಯುತ್ತಿದ್ದದ್ದು ಟರ್ಕಿ ಕೋಳಿಯ ಬಾಲದ ಬಗ್ಗೆ. ಆ ಕೋಳಿಯ ಹಿಂಭಾಗದಲ್ಲಿ, ಗರಿ ಮೂಡುವ ಜಾಗದಲ್ಲಿ, ಮುಷ್ಟಿ ಗಾತ್ರದ ಒಂದು ಕೊಬ್ಬಿನ ಗಡ್ಡೆಯಿರುತ್ತದೆ. ಕೋಳಿ ಸಾಕುವ ದೇಶದವರು ಅದನ್ನು ತಿನ್ನುವುದಿಲ್ಲ. ಕತ್ತರಿಸಿ, ಹಿಮಗಟ್ಟಿಸಿ, ಪೆಟ್ಟಿಗೆಗೆ ತುಂಬಿ ಹಡಗು ಹತ್ತಿಸುತ್ತಾರೆ. ಅದು ಬಂದು ಇಳಿಯುತ್ತಿದ್ದದ್ದು ಸಮೋವಾದ ಬಂದರಿನಲ್ಲಿ. ಮೀನಿಗಿಂತ ಅಗ್ಗ, ಬಾಯಿಗೆ ರುಚಿ. ಒಂದು ತಲೆಮಾರು ಅದನ್ನೇ ತಿಂದು ಬೆಳೆಯಿತು. ನಡುವಯಸ್ಸಿಗೇ ಸಕ್ಕರೆ ಕಾಯಿಲೆ ಬಂದು ಮಲಗಿತು. ರಾಜಧಾನಿ ಆಪಿಯಾದ ಆರೋಗ್ಯ ಇಲಾಖೆಯಲ್ಲಿ ಕೂತು ವರ್ಷಗಟ್ಟಲೆ ಬಡಿದಾಡಿ ಅದಕ್ಕೆ ನಿಷೇಧ ತಂದವರಲ್ಲಿ ತೆಲೆಸಿಯಾಳೂ ಒಬ್ಬಳು. ಈಗ ಜಗತ್ತಿನ ವ್ಯಾಪಾರದ ಒಕ್ಕೂಟಕ್ಕೆ ಸೇರಬೇಕಾದರೆ ಆ ನಿಷೇಧ ತೆಗೆಯಬೇಕು ಅಂತ ದೊಡ್ಡ ದೇಶ ಪಟ್ಟು ಹಿಡಿದಿತ್ತು. ತಾನು ಕಟ್ಟಿದ ಗೋಡೆಯನ್ನು ತಾನೇ ನಿಂತು ಕೆಡವಿಸಿಕೊಡಲಿಕ್ಕೆ ಅವಳನ್ನು ಅಷ್ಟು ದೂರ ಕರೆತಂದಿದ್ದರು.

ವಿರಾಮದಲ್ಲಿ ಲೌಟಾಫಿ ಅವಳನ್ನು ಕಾಫಿ ಯಂತ್ರದ ಹತ್ತಿರ ಹಿಡಿದ.

“ಏನಮ್ಮಾ ಅದು, ಮನೇಲಿ ತಿಂತೀರಾ ಅಂತ ಕೇಳೋದು? ಜಗಳ ಆಡೋಕೆ ಬಂದಿದೀವಾ?”

“ನೀವು ನಕ್ಕಿರಲ್ಲ, ಅದಕ್ಕೇ ಜಗಳ ಆಗಲಿಲ್ಲ.”

“ನಗದೆ ಏನು ಮಾಡಲಿ? ಎಷ್ಟು ವರ್ಷದಿಂದ ಈ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದೀವಿ ಗೊತ್ತಾ? ಕಡುಬಡ ದೇಶ ಅಂತ ಇಷ್ಟು ದಿನ ರಿಯಾಯಿತಿ ಕೊಟ್ಟರು. ಆ ಪಟ್ಟಿಯಿಂದ ನಮ್ಮ ಹೆಸರು ತೆಗೀತಿದಾರೆ. ಒಳಗೆ ಸೇರದೆ ಹೋದರೆ ನಾಳೆ ನಮ್ಮ ತೆಂಗಿನೆಣ್ಣೆಗೆ ಸುಂಕ ಹಾಕ್ತಾರೆ. ನಿನ್ನೂರಿನ ಗಾಣದಲ್ಲಿ ಎಷ್ಟು ಜನ ಹೆಂಗಸರು ದುಡೀತಾರೆ ನೀನೇ ಹೇಳು. ಅವರ ಮುಖ ನೋಡಿ ಏನಂತ ಹೇಳ್ತೀ? ಒಂದು ಕೋಳಿ ಬಾಲಕ್ಕೋಸ್ಕರ ನಿಮ್ಮ ಗಾಣ ಮುಚ್ಚಿಸಿ ಬಂದೆ ಅಂತಲಾ?”

ಅದು ಸುಳ್ಳಾಗಿದ್ದರೆ ಅವಳು ಬಿಸಿ ಕಾಫಿಯನ್ನು ಅವನ ಮೇಲೆ ಎರಚಿಬಿಡುತ್ತಿದ್ದಳೇನೋ. ಸುಳ್ಳಾಗಿರಲಿಲ್ಲ. ಅವಳೂರು ವಾಯ್‌ಟಾಯಿಯ ಗಾಣದಲ್ಲಿ ಅವಳ ಅತ್ತಿಗೆಯೇ ಕಾಯಿ ತುರಿಯುತ್ತಿದ್ದಳು.

ಮಧ್ಯಾಹ್ನ ಅವಳು ಕಾಲಾವಕಾಶ ಕೇಳಿದಳು. ಎರಡು ವರ್ಷ ಕೊಡಿ, ಅಷ್ಟರಲ್ಲಿ ಮನೆಮನೆಗೆ ಹೋಗಿ ಜನಕ್ಕೆ ತಿಳಿಹೇಳುತ್ತೇವೆ, ಆಮೇಲೆ ತೆರೆಯುತ್ತೇವೆ ಅಂದಳು. ಸಸ್ಯಾಹಾರಿ ಹುಡುಗ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ, ಆಗಬಹುದು ಅಂದ. ಒಂದೇ ಒಂದು ಸಣ್ಣ ತಿದ್ದುಪಡಿ: ಅವಧಿ ಮುಗಿದ ಮೇಲೆ ಯಾವ ಹಂತದ ಆಡಳಿತವೂ ಈ ಸರಕನ್ನು ತಡೆಯುವಂತಿಲ್ಲ, ಊರ ಸಭೆಯೂ ಸೇರಿದಂತೆ.

ತೆಲೆಸಿಯಾ ತಲೆಯೆತ್ತಿದಳು. ಅಷ್ಟು ದೂರದ ಕಚೇರಿಯಲ್ಲಿ ಕೂತ ಯಾರೋ ಸಮೋವಾದ ಹಳ್ಳಿಗಳಲ್ಲಿ ಮುಖಂಡರ ಸಭೆಯೊಂದು ಇರುತ್ತದೆ, ಅದು ಬೇಕಾದ್ದನ್ನು ಊರಿನ ಗಡಿಯಲ್ಲೇ ತಡೆಯಬಲ್ಲದು ಎಂದು ಓದಿ ತಿಳಿದುಕೊಂಡಿದ್ದರು. ಲೌಟಾಫಿ ಮೇಜಿನ ಕೆಳಗೆ ಅವಳ ಕಾಲನ್ನು ತನ್ನ ಬೂಟಿನಿಂದ ಮುಟ್ಟಿದ. ಎರಡು ವರ್ಷ ಕೈಗೆ ಸಿಕ್ಕಿತ್ತು. ಊರ ಸಭೆ ಇಂಥದಕ್ಕೆಲ್ಲ ಯಾಕೆ ಕೈಹಾಕೀತು ಅಂತ ಅವಳಿಗೆ ಆ ಕ್ಷಣ ಅನ್ನಿಸಿತು.

“ಆಗಬಹುದು,” ಅಂದಳು.

ಎರಡು ವರ್ಷ ಹೇಗೆ ಹೋಯಿತೋ ಹೋಯಿತು. ತಿಳಿವಳಿಕೆಯ ಕಾರ್ಯಕ್ರಮಕ್ಕೆ ಕೊಡುತ್ತೇವೆಂದ ದುಡ್ಡು ಒಂದು ಚಂಡಮಾರುತದ ಪರಿಹಾರಕ್ಕೆ ಹೋಯಿತು, ಉಳಿದದ್ದು ಗೋಡೆಪತ್ರಗಳಿಗೆ. ಗೋಡೆಪತ್ರದಲ್ಲಿ ಒಂದು ಸೊಪ್ಪಿನ ಚಿತ್ರವಿತ್ತು; ಸಮೋವಾದಲ್ಲಿ ಯಾರೂ ಬೆಳೆಯದ ಸೊಪ್ಪು. ಬಾಲದ ಮೊದಲ ಹಡಗು ಬಂದ ವಾರವೇ ವಾಯ್‌ಟಾಯಿಯಿಂದ ಫುಆತೀನೊ ಅಜ್ಜಿ ಫೋನು ಮಾಡಿದಳು. ಅಜ್ಜಿ ಊರಿನ ಹೆಂಗಸರ ಸಂಘದ ಯಜಮಾನಿ. ಮನೆಮನೆಗೂ ಹೋಗಿ ಹಾಸಿಗೆ ಬಟ್ಟೆ, ಅಡಿಗೆ ಪಾತ್ರೆ, ಬಚ್ಚಲು ಚೊಕ್ಕಟವಿದೆಯೋ ಇಲ್ಲವೋ ನೋಡುವುದು ಆ ಸಂಘದ ಹಳೆಯ ಹಕ್ಕು. ಅದರ ಎದುರು ಮುಖಂಡರೂ ಮೆತ್ತಗೆ.

“ಶನಿವಾರ ಸಭೆ ಕರೆಸಿದೀನಿ,” ಅಂದಳು ಅಜ್ಜಿ. “ಊರೊಳಗೆ ಆ ದರಿದ್ರ ಬಾಲ ಮಾರಕೂಡದು ಅಂತ ಕಟ್ಟು ಮಾಡಿಸೋಣ. ನೀನು ಬಂದು ಕೂತ್ಕೋ ಸಾಕು. ನಿನ್ನಣ್ಣ ಅಂಗಡಿ ಮುಂದೆ ಹಲಗೆ ಬೇರೆ ಬರೆಸಿದಾನೆ.”

ತೆಲೆಸಿಯಾ ಒಪ್ಪಂದದಲ್ಲಿದ್ದ ಊರ ಸಭೆಯ ಮಾತು ಎತ್ತಬೇಕೆಂದುಕೊಂಡಳು. ಅಷ್ಟರಲ್ಲಿ ಅಜ್ಜಿ ಫೋನಿಟ್ಟಿದ್ದಳು.

ದೋಣಿಯಿಂದಿಳಿದು ಬಸ್ಸು ಹಿಡಿದು ಊರು ಮುಟ್ಟಿದಾಗ ಸಭೆ ಶುರುವಾಗಿತ್ತು. ನಾಲ್ಕೂ ಕಡೆ ಬಯಲಾದ ಕಂಬದ ಮನೆ. ಒಂದೊಂದು ಕಂಬಕ್ಕೆ ಒಬ್ಬೊಬ್ಬ ಮುಖಂಡ ಬೆನ್ನು ಕೊಟ್ಟು ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದ. ಅಣ್ಣ ಪೆನಿಯಮಿನಾ ಮಾತ್ರ ಒಂದೇ ಕಾಲು ಮಡಚಿ ಕೂತಿದ್ದ. ಇನ್ನೊಂದನ್ನು ಸಕ್ಕರೆ ಕಾಯಿಲೆಯಿಂದಾಗಿ ಆಪಿಯಾದ ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ತೆಗೆದಿದ್ದರು. ಉಳಿದ ತುದಿಯನ್ನು ಲುಂಗಿಯ ಅಂಚಿನಿಂದ ಮುಚ್ಚಿಕೊಂಡಿದ್ದ. ಅವನ ಗಾಲಿಕುರ್ಚಿ ಹೊರಗೆ ಬಿಸಿಲಲ್ಲಿತ್ತು.

ಫುಆತೀನೊ ಅಜ್ಜಿ ತನ್ನ ಮಾತು ಮುಗಿಸುತ್ತಿದ್ದಳು. “ಹುಟ್ಟಿದ ಮಕ್ಕಳಿಗೆ ನಾನು ಹೊಕ್ಕುಳಬಳ್ಳಿ ಕತ್ತರಿಸಿದೀನಿ. ಅದೇ ಮಕ್ಕಳ ಕಾಲು ಕತ್ತರಿಸೋದನ್ನೂ ನೋಡಬೇಕಾ? ಕೂತಿದಾನಲ್ಲ ಇಲ್ಲೇ ಒಬ್ಬ!”

ಪೆನಿಯಮಿನಾ ಗಂಟಲು ಸರಿಮಾಡಿಕೊಂಡ. “ಅಜ್ಜಿ ನನ್ನ ಕಾಲಿನ ಲೆಕ್ಕ ಹೇಳ್ತಾಳೆ. ಕಾಲು ನಂದು, ಅಜ್ಜಿದಲ್ಲ. ಬಾಲ ನಿಲ್ಲಿಸಿದ್ದಾಗ ಈ ಊರವರೇನು ಸೊಪ್ಪು ತಿಂದ್ರಾ? ಕುರಿ ಪಕ್ಕೆ ಕೊಬ್ಬು ತಿಂದ್ರು, ಡಬ್ಬಿ ಮಾಂಸ ತಿಂದ್ರು. ನಮ್ಮ ಮೀನನ್ನೆಲ್ಲ ದೊಡ್ಡ ದೋಣಿಯವರು ಬಳಕೊಂಡು ಹೋಗ್ತಾರೆ. ಮಿಕ್ಕ ಮೀನು ಕೊಳ್ಳೋ ಶಕ್ತಿ ಯಾರಿಗಿದೆ ಇಲ್ಲಿ? ಬೇಕಾದವರು ತಿಂತಾರೆ, ಬೇಡದವರು ಬಿಡ್ತಾರೆ. ಜನಕ್ಕೂ ಒಂದು ಆಯ್ಕೆ ಅನ್ನೋದು ಬೇಡವಾ?”

ಅಕ್ಷರಕ್ಕಕ್ಷರ ಆ ಸಸ್ಯಾಹಾರಿ ಹುಡುಗನದೇ ಮಾತು. ಅಣ್ಣ ಜನ್ಮದಲ್ಲಿ ಜಿನೀವಾ ನೋಡಿದವನಲ್ಲ.

ಊರಿನ ಪರವಾಗಿ ಮಾತಾಡುವ ಹಿರಿಯ ಸೊಲೊಮೋನಾ ನೊಣ ಓಡಿಸುವ ನಾರಿನ ಚವರಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಕಡೆ ತಿರುಗಿದ. “ನಮಗಂತೂ ಅಜ್ಜಿಯ ಮಾತು ಸರಿ ಕಾಣ್ತದೆ. ಅಂಗಡಿಯವರಿಗೆ ದಂಡವಾಗಿ ಒಂದು ಹಂದಿ ಅಂತ ಗೊತ್ತು ಮಾಡಿದರೆ ಯಾರೂ ಮಾರೋದಿಲ್ಲ. ಆದರೆ ಸರ್ಕಾರದ ಮಗಳು ಬಂದು ಕೂತಿದಾಳೆ. ನೀನು ಹೇಳಮ್ಮಾ, ಇದಕ್ಕೆ ಕಾನೂನಿನಲ್ಲಿ ಏನಾದರೂ ಅಡ್ಡಿ ಉಂಟಾ?”

ಎಲ್ಲರೂ ಅವಳನ್ನು ನೋಡಿದರು. ಇಲ್ಲ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆಪಿಯಾಕ್ಕೆ ಸುದ್ದಿ ಮುಟ್ಟಲು ತಿಂಗಳು ಹಿಡಿಯಬಹುದು, ವರ್ಷವೂ ಹಿಡಿಯಬಹುದು. ಆದರೆ ಮುಟ್ಟಿದ ದಿನ ಊರಿಗೆ ಎಚ್ಚರಿಕೆ ಬರುತ್ತದೆ. ಅದನ್ನು ತಂದು ಓದಿ ಹೇಳಲಿಕ್ಕೆ ಅವಳನ್ನೇ ಕಳಿಸುತ್ತಾರೆ.

“ಉಂಟು,” ಅಂದಳು. “ಊರ ಸಭೆ ತಡೆಯೋ ಹಾಗಿಲ್ಲ. ಒಪ್ಪಂದದಲ್ಲಿ ಹಾಗಂತ ಇದೆ.”

“ಯಾವ ಒಪ್ಪಂದ?”

“ಜಿನೀವಾದಲ್ಲಿ ಮಾಡಿದ್ದು.”

“ಅದರಲ್ಲಿ ನಮ್ಮ ಸಭೆಯ ಹೆಸರಿದೆಯಾ?” ಸೊಲೊಮೋನಾನ ದನಿಯಲ್ಲಿ ಒಂದು ಕ್ಷಣ ಹೆಮ್ಮೆಯಂಥದೇ ಏನೋ ಇತ್ತು. ಆಮೇಲೆ ಅವನಿಗೂ ಅರ್ಥವಾಯಿತು.

“ನಮ್ಮನ್ನ ಕೇಳದೆ ನಮ್ಮ ಹೆಸರು ಹಾಕಿದವರು ಯಾರು?” ಅಂದಳು ಫುಆತೀನೊ.

“ಅವರು ಹಾಕಿದ್ರು ಅಜ್ಜಿ. ಆಗಬಹುದು ಅಂದವಳು ನಾನು. ಎರಡು ವರ್ಷ ಸಿಗತ್ತೆ ಅಂತ ಬಿಟ್ಟುಕೊಟ್ಟೆ.”

ಅಜ್ಜಿ ಅವಳನ್ನು ಬಯ್ಯಲಿಲ್ಲ. ನೆಲದ ಮೇಲಿದ್ದ ಬೀಸಣಿಗೆಯನ್ನು ತೆಗೆದುಕೊಂಡು ಮುಖಕ್ಕೆ ಗಾಳಿ ಹಾಕಿಕೊಳ್ಳತೊಡಗಿದಳು. ಬಯ್ದಿದ್ದರೆ ಚೆನ್ನಾಗಿತ್ತು. “ಒಳ್ಳೇ ವ್ಯಾಪಾರ ಮಾಡಿದೆ,” ಅಂದಳು ಕೊನೆಗೆ. “ಮನೆ ಮಾರಿ ಎರಡು ವರ್ಷ ಬಾಡಿಗೆಗೆ ಇದ್ದೆ.”

ಮುಖಂಡರು ಮುಂದೆ ನೋಡೋಣ ಅಂದರು. ನೋಡೋಣ ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಸಭೆ ಎದ್ದಿತು.

ತೆಲೆಸಿಯಾ ಯಾರೊಡನೆಯೂ ಮಾತಾಡದೆ ಅಣ್ಣನ ಅಂಗಡಿಗೆ ನಡೆದಳು. ‘ಬಂತು! ಬಂತು!’ ಅಂತ ಕೆಂಪು ಬಣ್ಣದಲ್ಲಿ ಬರೆದ ಹಲಗೆ. ಒಳಗೆ ಶೀತಪೆಟ್ಟಿಗೆ ಗುರುಗುಡುತ್ತಿತ್ತು. ಅಣ್ಣ ಗಾಲಿಕುರ್ಚಿ ತಳ್ಳಿಕೊಂಡು ಹಿಂದಿನಿಂದಲೇ ಬಂದ. ಸಭೆಯಲ್ಲಿ ಗೆದ್ದವನ ಹುರುಪು ಮುಖದಲ್ಲಿತ್ತು.

“ಊಟ ಮಾಡಿದ್ಯಾ ತಂಗೀ? ಕೆಸುವಿನ ಗೆಡ್ಡೆ ಬೇಯಿಸಿದಾರೆ ಒಳಗೆ.”

“ಇದನ್ನೆಲ್ಲ ಆಚೆ ಹಾಕು.”

“ಯಾವುದನ್ನ?”

“ಗೊತ್ತಿಲ್ವಾ ಯಾವುದನ್ನ ಅಂತ? ನೀನು ಆಸ್ಪತ್ರೇಲಿ ಅತ್ತಾಗ ಪಕ್ಕದಲ್ಲಿ ಕೂತಿದ್ದೋಳು ನಾನು. ಕಾಲಿಲ್ಲದ ಜಾಗ ತುರಿಸ್ತದೆ ಅಂತ ನನ್ನ ಕೈಲಿ ಹಾಸಿಗೆ ಕೆರೆಸಿಕೊಂಡಿದ್ದೆ! ನಾಚಿಕೆ ಆಗಲ್ವಾ ನಿಂಗೆ? ಅದನ್ನೇ ತಂದು ಊರ ಮಕ್ಕಳ ಬಾಯಿಗೆ ಹಾಕೋಕೆ?”

“ಮೆಲ್ಲಗೆ. ಜನ ಇದಾರೆ.”

“ಇರಲಿ ಜನ! ಕೇಳಲಿ! ಸರ್ಕಾರದೋಳಾಗಿ ಹೇಳ್ತಿಲ್ಲ ನಾನು. ನಿನ್ನ ತಂಗಿ ಹೇಳ್ತಿದೀನಿ. ಹಾಕು ಆಚೆ!”

ರಸ್ತೆಯಲ್ಲಿದ್ದವರು ನಿಂತುಬಿಟ್ಟರು. ತಂಗಿ ಬಾಯಿಬಿಟ್ಟು ಕೇಳಿದ್ದನ್ನು ಅಣ್ಣ ಇಲ್ಲ ಅನ್ನಬಾರದು. ಆ ದ್ವೀಪಗಳಲ್ಲಿ ಮಗುವಿಗೆ ಮಾತು ಬರುವ ಮೊದಲೇ ತಿಳಿದಿರುವ ಸಂಗತಿ ಇದು. ಅದಕ್ಕೇ ತಂಗಿಯರು ಇಂಥ ಮಾತನ್ನು ಸುಲಭಕ್ಕೆ ಎತ್ತುವುದಿಲ್ಲ. ತೆಲೆಸಿಯಾ ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಪೆನಿಯಮಿನಾನ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಬಿಳಚಿಕೊಂಡಿತು. ಶೀತಪೆಟ್ಟಿಗೆಯ ಮುಚ್ಚಳ ಎತ್ತಿದ. ಬಾಲದ ಮೊದಲನೆಯ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಲಿ ತಳ್ಳುತ್ತ ಹೊಸಿಲು ದಾಟಿಸಿ ಅಂಗಳದ ಹವಳದ ಪುಡಿಯ ಮೇಲೆ ಇಳಿಸಿದ. ಹಿಂದಕ್ಕೆ ಹೋದ. ಎರಡನೆಯದನ್ನು ತಂದ. ಅವಳು ಕೈಹಾಕಲು ಹೋದಾಗ, “ಮುಟ್ಟಬೇಡ,” ಅಂದ. ಅವನ ಲುಂಗಿ ಮಂಜಿನಿಂದ ಒದ್ದೆಯಾಗಿ ಮೊಂಡು ಕಾಲಿಗೆ ಅಂಟಿಕೊಂಡಿತ್ತು. ಕೊನೆಯ ಪೆಟ್ಟಿಗೆ ಇಳಿಸಿದ ಮೇಲೆ ಅಲ್ಲೇ ಕುರ್ಚಿ ತಿರುಗಿಸಿ ಅವಳ ಮುಖ ನೋಡಿದ.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ನನ್ನ ಹತ್ರ ಇಷ್ಟು ಜೋರಾಗಿ ಹೇಳೋಕೆ ಬಂತಲ್ಲ ನಿಂಗೆ. ಅಲ್ಲಿ ಆ ಮೇಜಿನ ಮುಂದೆ, ಹಿಂಗೇ ಕಿರುಚಿದ್ಯಾ?”

ಅವಳು ಬಾಯಿ ತೆರೆದಳು.

“ಇಲ್ಲ,” ಅಂದ ಅವನೇ. “ಅಲ್ಲಿ ಆಗಬಹುದು ಅಂದಿರ್ತೀಯ. ಕೂತ ಕುರ್ಚಿ ಚೆನ್ನಾಗಿದ್ದಿರಬೇಕು.”

ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳಿಗೆ ಅವನ ಮೇಲೆ, ಲೌಟಾಫಿಯ ಬೂಟಿನ ಮೇಲೆ, ಆ ತೆಳ್ಳನೆಯ ಹುಡುಗನ ಮೇಲೆ ಒಟ್ಟಿಗೆ ಕೋಪ ಉಕ್ಕಿತು. ಅಷ್ಟೂ ಕೋಪ ಹೋಗಿ ಬಡಿಯಲು ಎದುರಿಗಿದ್ದದ್ದು ಪೆಟ್ಟಿಗೆಗಳ ಒಂದು ಸಾಲು. ಒಂದನ್ನು ಒದ್ದಳು. ಒಳಗೆ ಕಲ್ಲಿನಂತೆ ಗಟ್ಟಿಯಿತ್ತು. ಕಾಲ ಬೆರಳು ನೊಂದಿತು. ನೋಡುತ್ತಿದ್ದವರಲ್ಲಿ ಯಾರೂ ನಗಲಿಲ್ಲ, ಯಾರೂ ಹತ್ತಿರ ಬರಲಿಲ್ಲ.

ಫುಆತೀನೊ ಅಜ್ಜಿ ನಿಧಾನವಾಗಿ ನಡೆದು ಬಂದು ಅಂಗಡಿಯ ಎದುರಿನ ದೀವಿ ಹಲಸಿನ ಮರದ ಕೆಳಗೆ ಚಾಪೆ ಹಾಸಿದಳು. ಸಂಘದ ಇನ್ನಿಬ್ಬರು ಹೆಂಗಸರು ಬಂದು, ಅಂಗಡಿಗೆ ಯಾರು ಬಂದರೂ ಕಣ್ಣಿಗೆ ಬೀಳುವ ಹಾಗೆ ಕೂತರು. “ಸಭೆ ತಡೆಯೋ ಹಾಗಿಲ್ಲ ಅಂದ್ಯಲ್ಲ,” ಅಂದಳು ಅಜ್ಜಿ, ಅವಳ ಕಡೆ ನೋಡದೆ. “ಮುದುಕಿಯರು ನೆರಳಲ್ಲಿ ಕೂರಬಾರದು ಅಂತಲೂ ಬರೆದಿದೆಯಾ? ಬರೆದಿದ್ರೆ ಈಗಲೇ ಹೇಳಿಬಿಡು.”

ತೆಲೆಸಿಯಾ ಚಾಪೆಯ ತುದಿಯಲ್ಲಿ ಕೂತಳು. ಅಜ್ಜಿ ಸರಿದು ಜಾಗ ಮಾಡಿಕೊಡಲಿಲ್ಲ, ಏಳು ಅಂತಲೂ ಹೇಳಲಿಲ್ಲ.

ಬಿಸಿಲು ಏರುತ್ತ ಬಂತು. ಪೆಟ್ಟಿಗೆಗಳ ಮೂಲೆ ಮೆತ್ತಗಾಗಿ ಕುಸಿಯತೊಡಗಿತು. ದೋಣಿ ಕಟ್ಟೆಯ ಕಡೆಯಿಂದ ಬಂದ ಬಸ್ಸು ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ಯಾರೂ ಹತ್ತದ್ದನ್ನು ನೋಡಿ ಮುಂದಿನ ಊರಿನ ಕಡೆ ಹೊರಟಿತು. ಅದರ ಮಾಡಿನ ಮೇಲೆ ಹಗ್ಗ ಬಿಗಿದ ಅಂಥವೇ ಪೆಟ್ಟಿಗೆಗಳಿದ್ದವು. ಅವುಗಳಿಂದ ಇಳಿದ ನೀರು ರಸ್ತೆಯುದ್ದಕ್ಕೂ ಒಂದು ತೆಳ್ಳನೆಯ ಗೆರೆ ಎಳೆಯುತ್ತ ತಿರುವಿನವರೆಗೂ ಹೋಯಿತು. ಹೆಂಗಸರು ನೋಡುತ್ತಿದ್ದ ಹಾಗೆಯೇ ಗೆರೆ ಈಚೆ ತುದಿಯಿಂದ ಒಣಗುತ್ತ ಬಂತು.