ಗಣೇಶನ ಮದುವೆಗೆ ಇಲ್ಲಿ ಒತ್ತಿ

ಮೇಳಿಗೆಯ ಭವ್ಯಾ ತೀರ್ಥಹಳ್ಳಿಯ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದಳು. ಆ ವರ್ಷ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಭದ್ರತೆ ಎಂಬ ಹೊಸ ವಿಷಯ ಬಂದಿತ್ತು. ಪಾಠ ಮಾಡುವ ಹೇರಂಬ ಸರ್ ಮಹಾ ಅನುಮಾನದ ಮನುಷ್ಯ. ಕ್ಯಾಂಟೀನಿನ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವವರು. ಬೀಗ ಎಷ್ಟೇ ಗಟ್ಟಿಯಿರಲಿ, ಮನೆಯವರೇ ಕದ ತೆಗೆದು ಕಳ್ಳನನ್ನು ಒಳಗೆ ಕರೆದರೆ ಏನು ಮಾಡುತ್ತೀರಿ ಎಂದು ದಿನಾ ಕೇಳುತ್ತಿದ್ದರು. ಇದನ್ನು ಹುಡುಗರು ಕಣ್ಣಾರೆ ಕಾಣಲಿ ಎಂದು ಒಂದು ಪ್ರಯೋಗ ಕೊಟ್ಟರು. ಅವರವರ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಇರುವ ಒಂದು ಸುಳ್ಳು ಸಂದೇಶ ಹಾಕಬೇಕು. ಒತ್ತಿದವರಿಗೆ, ಗೊತ್ತಿಲ್ಲದ್ದನ್ನು ಹೀಗೆ ಒತ್ತಬೇಡಿ ಎಂಬ ಬುದ್ಧಿಮಾತು ಕಾಣಿಸುತ್ತದೆ, ಅಷ್ಟೆ. ಎಷ್ಟು ಜನ ಮೋಸ ಹೋದರೆಂದು ಮರುದಿನ ಸಂಜೆ ತಿಳಿಸಬೇಕು, ಅಲ್ಲಿಯವರೆಗೆ ಗುಟ್ಟು ಬಿಡಬಾರದು. ಗುಂಪಿನ ಅಡ್ಮಿನ್ ಒಪ್ಪಿರಬೇಕು. ನಿಜವಾದ ಯಾರ ಹೆಸರನ್ನೂ ಬಳಸಕೂಡದು.

ಅಡ್ಮಿನ್ ಅವಳ ಅಪ್ಪ ಬೆಳ್ಳಪ್ಪನೇ. ಹೆಂಡತಿಯ ಕಡೆಯ ನೆಂಟರೆಲ್ಲ ಬೇಸ್ತು ಬೀಳುತ್ತಾರೆಂದರೆ ಅವನು ಬೇಡ ಎನ್ನುವ ಪೈಕಿಯೇ? ಮಗಳ ಹೊಸ ಸಿಮ್ಮಿನ ನಂಬರನ್ನು ಖುಷಿಯಿಂದ ಗುಂಪಿಗೆ ಸೇರಿಸಿದ. ಭವ್ಯಾ ಬರೆದಳು: ‘ನನ್ನ ಮದುವೆ ನಿಶ್ಚಯವಾಗಿದೆ. ಎಲ್ಲರೂ ತಪ್ಪದೆ ಬನ್ನಿ. ಆಮಂತ್ರಣ ಪತ್ರಿಕೆಗೆ ಇಲ್ಲಿ ಒತ್ತಿ. ಇತಿ ಗಣೇಶ್.’

ಊರಿಗೆ ನಾಲ್ಕು ಜನ ಗಣೇಶ್ ಇರುವಾಗ ಅದು ಯಾರೊಬ್ಬರ ಹೆಸರೂ ಅಲ್ಲ ಎಂಬುದು ಅವಳ ಲೆಕ್ಕ. ಆದರೆ ಆ ನೆಂಟರಿಗೆ ಮದುವೆಯಾಗದೆ ಉಳಿದ ಗಣೇಶ್ ಒಬ್ಬನೇ. ಕೋಣಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅವಳ ಸೋದರಮಾವ. ಬಟನ್ ಫೋನಿನವನಾದ್ದರಿಂದ ಗುಂಪಿನಲ್ಲಿರಲಿಲ್ಲ. ನಲವತ್ತು ದಾಟಿದ ಮಾವನೂ ಮದುವೆ ಗಂಡಾಗಬಹುದು ಎಂಬುದು ಪುಣ್ಯಾತ್ಗಿತ್ತಿಗೆ ಹೊಳೆದೇ ಇರಲಿಲ್ಲ. ಅವಳ ಅಮ್ಮ ದುಗ್ಗಮ್ಮ ತಮ್ಮನಿಗೆ ಹೆಣ್ಣು ತೋರಿಸಿ ತೋರಿಸಿ ಸೋತಿದ್ದಳು. ಇನ್ನೊಮ್ಮೆ ಮದುವೆಯ ಮಾತೆತ್ತಿದರೆ ನಿನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅವನು ಆಣೆ ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದಳು.

ಹೊಸ ನಂಬರು ನೋಡಿ, ಗಣೇಶ್ ಹೊಸ ಫೋನು ಕೊಂಡಿದ್ದಾನೆ ಎಂದೇ ಎಲ್ಲರೂ ತಿಳಿದರು. ಸಂಜೆಯೊಳಗೆ ದುಗ್ಗಮ್ಮನಿಗೆ ಫೋನುಗಳು ಶುರುವಾದವು. ತಮಾಷೆಯೆಂದರೆ ಲಿಂಕನ್ನು ಒಬ್ಬರೂ ಒತ್ತಲಿಲ್ಲ. ಆ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಜಗಲಿಯಲ್ಲಿ ಕೂತು, ಕುಂಕುಮ ಕೊಟ್ಟು ಬಾಯಿಬಿಟ್ಟು ಹೇಳಬೇಕು. ಫೋನಿನಲ್ಲಿ ಕರೆದದ್ದು ಕರೆದ ಲೆಕ್ಕವಲ್ಲ. ಒತ್ತಿದರೆ ಆ ಅವಮಾನವನ್ನು ಒಪ್ಪಿಕೊಂಡಂತೆ. ಸಾಗರದ ಕನ್ನಮ್ಮ ದೊಡ್ಡಮ್ಮನಂತೂ, ಆ ಮದುವೆ ತನ್ನ ಮನೆ ಅಂಗಳದಲ್ಲೇ ನಡೆದರೂ ಹೊರಗೆ ಕಾಲಿಡುವುದಿಲ್ಲ ಎಂದಳು. ಎಲ್ಲರ ಬೈಗುಳವೂ ದುಗ್ಗಮ್ಮನ ತಲೆಗೇ ಬಂತು. ಬೆಳ್ಳಪ್ಪ ಮೆಲ್ಲಗೆ ಕೊಟ್ಟಿಗೆಯ ಕಡೆ ಜಾರಿಕೊಂಡ. ಆಗಲೇ ನಿಜ ಹೇಳಿಬಿಡಬೇಕಿತ್ತು. ಆದರೆ ಗುಟ್ಟು ಬಿಟ್ಟರೆ ಮಾರ್ಕ್ಸು ಹೋಗುತ್ತದೆಂದು ಭವ್ಯಾ ಸುಮ್ಮನಿದ್ದಳು.

ಇದು ಫೋನಿನಲ್ಲಿ ಕೇಳುವ ಮಾತಲ್ಲ ಎಂದು ಬೆಳಗ್ಗೆ ದುಗ್ಗಮ್ಮ ಕೋಣಂದೂರಿಗೆ ಹೊರಟು ನಿಂತಳು. ಮದುವೆ ನಿಜವೇ ಆಗಿದ್ದರೆ ತಮ್ಮನ ಮುಖ ನೋಡುವುದು ಇದೇ ಕೊನೆ ಎಂದಳು. ತನ್ನಿಂದ ಅಕ್ಕ ತಮ್ಮಂದಿರು ದೂರಾದರೆ ಗತಿಯೇನು ಎಂದು ಭವ್ಯಾಳೂ ಬಸ್ ಹತ್ತಿದಳು. ಜಗಳಕ್ಕೆ ಹೊರಟ ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅಮ್ಮನ ಬಾಯಿ ನಿಲ್ಲಲಿಲ್ಲ, ನಡುವೆ ನಿಜ ಹೇಳಲು ಮಗಳಿಗೆ ಸಂದು ಸಿಗಲಿಲ್ಲ.

ಅಂಗಡಿಯಲ್ಲಿ ಗಣೇಶ್ ಮೋಟರು ಬಿಚ್ಚಿಕೊಂಡು ಕೂತಿದ್ದ.

“ಅವ್ವ ಸತ್ತ ಮೇಲೆ ನಿನ್ನ ಎತ್ತಿ ಆಡ್ಸಿದ್ದು ನಾನು. ನಿನ್ ಮದ್ವೆ ಸುದ್ದಿ ನಾನು ಫೋನಲ್ಲಿ ಓದ್ಬೇಕಾ?” ಎಂದಳು ದುಗ್ಗಮ್ಮ.

ಗಣೇಶನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. “ನಿಂಗ್ಯಾರು ಹೇಳಿದ್ರು ಅಕ್ಕ?”

ಭವ್ಯಾಗೆ ಇನ್ನು ತಡೆಯಲಾಗಲಿಲ್ಲ. ಕಾಲೇಜು, ಹೇರಂಬ ಸರ್, ಹೊಸ ಸಿಮ್ಮು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಮದುವೆಯೇ ಇಲ್ಲ, ಮಾವನದೇನೂ ತಪ್ಪಿಲ್ಲ, ಬೈಯುವುದಿದ್ದರೆ ತನ್ನನ್ನೇ ಬೈಯಿರಿ ಎಂದಳು. ಅಮ್ಮ ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತಳು.

“ಹಂಗಾದ್ರೆ ಹುಡ್ಗಿನೇ ಇಲ್ವಾ? ರಾತ್ರಿಯಿಡೀ ನಿದ್ದೆ ಮಾಡ್ಲಿಲ್ಲ ಕಣೆ ನಾನು. ಸಿಟ್ಟಿಗಲ್ಲ, ಖುಷಿಗೆ.”

ಭವ್ಯಾಗೆ ಅಳುವೇ ಬಂತು. ಯಾರು ಒತ್ತುತ್ತಾರೆ ಎಂದು ಎಣಿಸಲು ಹೊರಟವಳು ಯಾರು ನಂಬುತ್ತಾರೆ ಎಂದು ಯೋಚಿಸಿರಲಿಲ್ಲ. ಅಮ್ಮನ ಆಸೆಯನ್ನು ಆಟಕ್ಕೆ ಇಟ್ಟೆನಲ್ಲ ಎಂದು ನಾಚಿಕೆಯಾಯಿತು.

ಗಣೇಶ್ ಗ್ರೀಸಿನ ಕೈ ಒರೆಸಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ: “ಹುಡ್ಗಿ ಇದಾಳೆ ಅಕ್ಕ.”

ಹೊಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟ ಕುಮುದಾ. ಎರಡು ವರ್ಷದಿಂದ ಪರಿಚಯ, ಇಬ್ಬರಿಗೂ ಮನಸ್ಸಿದೆ. ಆಣೆ ಹಾಕಿ ಕೂಗಾಡಿ ಹೋದವನು ಯಾವ ಮುಖ ಇಟ್ಟುಕೊಂಡು ಅಕ್ಕನ ಮುಂದೆ ಬರಲಿ ಎಂದು ಕೂತುಬಿಟ್ಟಿದ್ದನಂತೆ. ಬೇಕಾದರೆ ಈಗಲೇ ಅವಳ ಹತ್ತಿರ ಮಾತಾಡು ಎಂದು ಫೋನು ಹಿಡಿದ. ದುಗ್ಗಮ್ಮ ಅವನ ಕೈಯನ್ನು ಆಚೆ ತಳ್ಳಿದಳು.

“ಫೋನಿನ ಸವಾಸ ಸಾಕು. ನಾನೇ ಹೋಗಿ ನೋಡ್ದೆ ಇವತ್ತು ಯಾರ್ನೂ ನಂಬಲ್ಲ. ಅಂಗ್ಡಿ ಬಾಗ್ಲು ಹಾಕು.”

ಹೇರಂಬ ಸರ್ ತಿಂಗಳಿಡೀ ಬಡಕೊಂಡ ಪಾಠವೂ ಇದೇ ಆಗಿತ್ತು. ಅದನ್ನು ಆಗ ಬಾಯಿಬಿಟ್ಟು ಹೇಳುವ ಧೈರ್ಯ ಭವ್ಯಾಗಿರಲಿಲ್ಲ.

ಹೊಸನಗರದಲ್ಲಿ ಕುಮುದಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಗಣೇಶನ ಹಿಂದೆ ನಿಂತವಳನ್ನು ನೋಡಿ ಯಾರೆಂದು ಕೇಳಲೂ ಇಲ್ಲ.

“ದುಗ್ಗಕ್ಕ ಅಲ್ವಾ? ಬನ್ನಿ ಒಳಗೆ. ನಾನೇ ಮೇಳಿಗೆಗೆ ಬಂದು ಕೇಳ್ತೀನಿ ಅಂದ್ರೆ ಇವ್ರು ಬಿಡ್ಲೇ ಇಲ್ಲ ನೋಡಿ.”

ದುಗ್ಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. “ಇವ್ನಿಗೆ ಹೆಣ್ಣು ಹುಡ್ಕಿ ಹುಡ್ಕಿ ನನ್ ಕಾಲು ಸವೀತು. ನೀನು ನೋಡಿದ್ರೆ ಇಲ್ಲೇ ಇದ್ಯಲ್ಲೇ ಮಾರಾಯ್ತಿ.”

ನಂತರ ಇಬ್ಬರೂ ಸೇರಿ ಗಣೇಶನನ್ನು ಬೈಯಲು ಶುರುಮಾಡಿದರು. ಅವನು ಹೊಸ್ತಿಲ ಹೊರಗೇ ನಿಂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ.